ನನ್ನ ಉಪನ್ಯಾಸಕ್ಕೆ ನಾನೇ ನಿರೂಪಕಿ

ನಮ್ಮ ವಿಶ್ವವಿದ್ಯಾನಿಲಯಕ್ಕೆ ವರ್ಷಕ್ಕೊಮ್ಮೆ ಮಾನವಿಕ ವಿಷಯಗಳ ಮೇಲೆ ಪ್ರೀತಿ ಉಕ್ಕಿ ಬರುತ್ತದೆ. ಆಗ ಕಾಲೇಜುಗಳಿಗೆಲ್ಲ ಒಂದು ಸುತ್ತೋಲೆ ಬರುತ್ತದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇಲ್ಲದಿದ್ದರೆ ದೇಶ ಹೇಗೆ ಹಾಳಾಗುತ್ತದೆ ಎಂದು ಅದರಲ್ಲಿ ಒಂದು ಪುಟ ಬರೆದಿರುತ್ತಾರೆ. ಉಳಿದ ಹನ್ನೊಂದು ತಿಂಗಳು, ಇದೇ ವಿಷಯಗಳಿಗೆ ಮಕ್ಕಳು ಯಾಕೆ ಸೇರುತ್ತಿಲ್ಲ ಎಂದು ನಮ್ಮನ್ನು ಗದರಿಸುವುದೂ ಅವರೇ. ಸುತ್ತೋಲೆಯ ಕೊನೆಗೆ, ವಾರ್ಷಿಕ ವಿಶೇಷ ಉಪನ್ಯಾಸ ಮಾಲೆಯ ಒಂದು ಉಪನ್ಯಾಸವು ಕೊಳ್ಳೇಗಾಲದಲ್ಲಿರುವ ನಮ್ಮ ಕಾಲೇಜಿನಲ್ಲಿ ನಡೆಯತಕ್ಕದ್ದು ಎಂಬ ಸಾಲು ಇರುತ್ತದೆ. ಆ ಸಾಲಿನ ಕೆಳಗೆ ಪ್ರಾಂಶುಪಾಲರು ಹಸಿರು ಶಾಯಿಯಲ್ಲಿ "ರಾಜ್ಯಶಾಸ್ತ್ರ ಮೇಡಂ ನೋಡಿಕೊಳ್ಳುವುದು" ಎಂದು ಬರೆದು ಕಳಿಸುತ್ತಾರೆ. ಆ ಮೇಡಂ ನಾನು.

ನಾನಿರುವುದು ಯಳಂದೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಪಾಠ ಮಾಡಿ ಸಂಜೆ ಹಿಂದಿರುಗುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಿಂದಿನ ಬೆಂಚಿನಲ್ಲಿ ಮಲಗಿದ್ದ ಒಬ್ಬನನ್ನು ನಾನು ಗದರಿಸಿದ್ದು ಆಗಿನ ಪ್ರಾಂಶುಪಾಲರ ಕೋಣೆಗೆ ಕೇಳಿಸಿತಂತೆ. "ಈ ಮೇಡಂ ಕಂಠ ಮೈಕಿಲ್ಲದೆ ಹನೂರಿಗೆ ಕೇಳುತ್ತೆ, ಇವರೇ ನಿರೂಪಣೆ ಮಾಡಲಿ" ಎಂದು ಅವರು ಅಂದುಬಿಟ್ಟರು. ಅವರು ನಿವೃತ್ತರಾಗಿ ಹೋದರೂ ಆ ತೀರ್ಮಾನ ನಿವೃತ್ತವಾಗಲಿಲ್ಲ. ಹದಿನೈದು ವರ್ಷ ಯಾರು ಬಂದು ಮಾತಾಡಿದರೂ "ಈಗ ನಮ್ಮನ್ನುದ್ದೇಶಿಸಿ" ಎಂದು ಕರೆದವಳು ನಾನೇ.

ಕಾರ್ಯಕ್ರಮ ಹೀಗೇ ನಡೆಯಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಬದಲಾಯಿಸುವ ಧೈರ್ಯವೂ ಯಾರಿಗೂ ಇಲ್ಲ. ಮೊದಲು ಪ್ರಾರ್ಥನೆ. ಹಾಡುವ ಹುಡುಗಿಗೆ ಸರಿಯಾಗಿ ಅವತ್ತೇ ನೆಗಡಿಯಾಗಿರುತ್ತದೆ. ಆಮೇಲೆ ಸ್ವಾಗತ. ದೀಪ ಹಚ್ಚುವುದು ಹಳೆಯ ಪದ್ಧತಿಯಾಯಿತೆಂದು ಈಗ ಕುಂಡದ ಗಿಡಕ್ಕೆ ನೀರೆರೆಯುತ್ತಾರೆ. ವೇದಿಕೆಯ ಮೇಲಿರುವ ಆರೂ ಜನ ಪರಿಸರದ ಮೇಲಿನ ಕಾಳಜಿಯಿಂದ ಒಂದೊಂದು ಚೊಂಬು ಸುರಿಯುವುದರಿಂದ ಆ ಗಿಡ ವಾರದೊಳಗೆ ಕೊಳೆತು ಸಾಯುತ್ತದೆ. ಮುಂದಿನ ವರ್ಷ ಹೊಸ ಗಿಡ ತರುತ್ತೇವೆ. ಆಮೇಲೆ ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಗೌರವ ಉಪಸ್ಥಿತರ ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಮುಗಿದು ಮಕ್ಕಳು ಆಕಳಿಸುವ ಹೊತ್ತಿಗೆ ಉಪನ್ಯಾಸ. ಯಾವ ಉಪನ್ಯಾಸಕ್ಕೆಂದು ಇದನ್ನೆಲ್ಲ ಮಾಡಿದೆವೋ ಅದೇ ಎಲ್ಲರಿಗೂ ಅಡಚಣೆಯಾಗಿ ಕಾಣಿಸುತ್ತಿರುತ್ತದೆ.

ಅಡಚಣೆ ನಿವಾರಿಸುವುದರಲ್ಲಿ ನಾನು ಎತ್ತಿದ ಕೈ. ಮಧ್ಯಾಹ್ನ ಒಂದೂವರೆಗೆ ಹನೂರಿನ ಬಸ್ಸು, ಅದರ ಹಿಂದೆಯೇ ಸತ್ತೇಗಾಲದ ಬಸ್ಸು. ಬಿಳಿಗಿರಿರಂಗನ ಬೆಟ್ಟದ ಮಕ್ಕಳು ಯಳಂದೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಒಂದೂಕಾಲು ಆಗುತ್ತಿದ್ದಂತೆ ಪ್ರಾಂಶುಪಾಲರು ವೇದಿಕೆಯ ಮೇಲಿಂದ ನನ್ನ ಕಡೆ ನೋಡಿ ತಮ್ಮ ಕೈಗಡಿಯಾರವನ್ನು ಎರಡು ಸಲ ಬೆರಳಿನಿಂದ ತಟ್ಟುತ್ತಾರೆ. ನಾನು ಒಂದು ಚೀಟಿ ಮಡಿಸಿ ಉಪನ್ಯಾಸಕರ ಮುಂದಿಡುತ್ತೇನೆ. ಓದದವರಂತೆ ನಟಿಸುವವರಿಗೆ ಇನ್ನೊಂದು ಚೀಟಿ. ಅದಕ್ಕೂ ಬಗ್ಗದಿದ್ದರೆ ಪಕ್ಕದಲ್ಲೇ ಹೋಗಿ ನಗುತ್ತಾ ನಿಲ್ಲುತ್ತೇನೆ. ಉಸಿರು ತೆಗೆದುಕೊಳ್ಳಲು ಅವರು ನಿಲ್ಲಿಸಿದ ಕ್ಷಣ ಮೈಕು ನನ್ನ ಕೈಯಲ್ಲಿರುತ್ತದೆ. "ಸಮಯದ ಅಭಾವದಿಂದ" ಎಂದು ನಾನು ಶುರು ಮಾಡಿದರೆ ಮಕ್ಕಳು ಮನಸ್ಸಿನಿಂದ ಚಪ್ಪಾಳೆ ತಟ್ಟುತ್ತಾರೆ. ದೊಡ್ಡ ದೊಡ್ಡ ವಿದ್ವಾಂಸರನ್ನು ಹೀಗೆ ನಡುವಾಕ್ಯದಲ್ಲಿ ಕೂರಿಸಿದ್ದೇನೆ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಕೆಲಸವೂ ನನ್ನದೇ. ಉಪನ್ಯಾಸದ ವರದಿ ಅದೇ ದಿನ ವಿಶ್ವವಿದ್ಯಾನಿಲಯದ ಜಾಲತಾಣಕ್ಕೆ ಏರಬೇಕು, ಪತ್ರಿಕೆಯವರಿಗೂ ಮಧ್ಯಾಹ್ನವೇ ಬೇಕು. ಊಟ ಬಡಿಸುವುದೋ ವರದಿ ಬರೆಯುವುದೋ? ಹಾಗಾಗಿ ಹಿಂದಿನ ದಿನವೇ ಬರೆದಿಡುತ್ತೇನೆ. "ಸಂಪನ್ಮೂಲ ವ್ಯಕ್ತಿಗಳು ವಿಷಯವನ್ನು ಮನಮುಟ್ಟುವಂತೆ ವಿವರಿಸಿದರು. ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಕೇಳಿ ಸಂಶಯ ಪರಿಹರಿಸಿಕೊಂಡರು." ಯಾರು ಬಂದರೂ ಇದೇ, ಹೆಸರು ಮತ್ತು ವಿಷಯ ಮಾತ್ರ ಬೇರೆ. ಒಬ್ಬ ವಿದ್ವಾಂಸರು ಮಾರನೆಯ ದಿನ ಪತ್ರಿಕೆ ಓದಿ ನನಗೆ ಫೋನ್ ಮಾಡಿ, "ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬರೆದಿದ್ದೀರಿ ಮೇಡಂ" ಎಂದಿದ್ದರು. ಅವರು ಹೇಳುವ ಮೊದಲೇ ಬರೆದದ್ದು ಎಂದು ನಾನು ಬಾಯಿ ಬಿಡಲಿಲ್ಲ.

ಕಳೆದ ಸಲದ ಸುತ್ತೋಲೆಯಲ್ಲಿ ಒಂದು ಹೊಸ ಸಾಲಿತ್ತು. ಮಾಲೆಯ ಒಂದು ಉಪನ್ಯಾಸವನ್ನು ಆಯಾ ಕಾಲೇಜಿನ ಅಧ್ಯಾಪಕರೇ ನೀಡಬಹುದು, ಪ್ರಾಂಶುಪಾಲರು ಹೆಸರು ಶಿಫಾರಸು ಮಾಡುವುದು. ಅದನ್ನು ನಾನು ಮೂರು ಸಲ ಓದಿದೆ. ಆಮೇಲೆ ನೇರ ಪ್ರಾಂಶುಪಾಲರ ಕೋಣೆಗೆ ಹೋಗಿ, "ಸರ್, ಈ ಸಲ ನಾನು ಮಾತಾಡ್ತೀನಿ" ಎಂದೆ.

ಪ್ರಾಂಶುಪಾಲರು ಒಳ್ಳೆಯವರು. ಬೇಡ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಿಜವಾಗಿ ಚಿಂತೆಗೆ ಬಿದ್ದವರ ಮುಖ ಮಾಡಿ ಕೇಳಿದರು, "ಅಲ್ಲಾ ಮೇಡಂ, ನೀವು ಉಪನ್ಯಾಸ ಕೊಟ್ರೆ ನಿರೂಪಣೆ ಯಾರು ಮಾಡ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ವಾಣಿಜ್ಯ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಅಧ್ಯಾಪಕರೊಬ್ಬರ ಹೆಸರು ಹೇಳಿ, ಅವರ ಕೈಲಿ ಮಾಡಿಸುವ ಹೊಣೆ ನನ್ನದು ಎಂದ ಮೇಲೆಯೇ ಅವರು ಸಹಿ ಹಾಕಿದ್ದು.

ವಿಷಯ ನನ್ನಲ್ಲಿ ಏಳೆಂಟು ವರ್ಷದಿಂದ ಸಿದ್ಧವಿತ್ತು. ಅದಕ್ಕೆ ಕಾರಣ ನಮ್ಮ ಕಾಲೇಜಿನಲ್ಲಿ ಕಸ ಗುಡಿಸಿ ಟೀ ಕಾಯಿಸುವ ಅಕ್ಕ. ಹನೂರಿನಿಂದಲೂ ಆಚೆಯ ಒಂದು ಹಳ್ಳಿಯವರು, ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವರು. ಒಂದು ದಿನ ನಾನು ಗ್ರಾಮಸಭೆಯ ಪಾಠ ಮುಗಿಸಿ ಹೊರಬಂದಾಗ ಪೊರಕೆ ಹಿಡಿದು ಬಾಗಿಲ ಬಳಿ ನಿಂತಿದ್ದರು.

"ಆಚೆ ನಿಂತ್ಕಂಡು ನಿಮ್ ಪಾಟ ಕೇಳ್ತಿದ್ದಿ ಮೇಡಂ. ಗ್ರಾಮಸಬೆ ಅಂಗೆಲ್ಲ ನಡಿಯಾಕಿಲ್ಲ ಕಣ್ರಿ. ಒಂದ್ಸತಿ ಬಂದು ನೋಡಿ" ಎಂದರು.

ಹೋದೆ. ಒಂದಲ್ಲ, ಅಲ್ಲಿಂದೀಚೆಗೆ ಸಿಕ್ಕ ಗ್ರಾಮಸಭೆಗಳಿಗೆಲ್ಲ ಹೋದೆ. ಕಾಮಗೆರೆಯ ಆಸುಪಾಸು, ಸತ್ತೇಗಾಲದ ಕಡೆಯ ನಾಲೆಯಂಚಿನ ಹಳ್ಳಿಗಳು, ತಮಿಳು ಕನ್ನಡ ಎರಡರಲ್ಲೂ ಜಗಳವಾಡುವ ಗಡಿ ಊರುಗಳು. ಗಂಡಸರು ಮುಂದೆ ಕುರ್ಚಿಯಲ್ಲಿ ಕೂರುತ್ತಿದ್ದರು. ಹೆಂಗಸರು ಬಾಗಿಲ ಪಕ್ಕದಲ್ಲಿ, ಇಲ್ಲವೇ ಜಗಲಿಯ ಮೇಲೆ. ಒಳಗೆ ಬನ್ನಿ ಎಂದರೆ "ಇಲ್ಲೇ ಆಯ್ತದೆ ಬುಡಿ" ಎನ್ನುವರು. ಸಭೆ ನಡೆಯುವಷ್ಟು ಹೊತ್ತೂ ಒಂದು ಮಾತಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂದು ಏಳುತ್ತಾರೆ ನೋಡಿ, ಸೆರಗು ಸಿಕ್ಕಿಸಿಕೊಳ್ಳುತ್ತಾ, ಚಪ್ಪಲಿ ಹುಡುಕುತ್ತಾ, ಆಗ ಬರುತ್ತದೆ ಮಾತು. ಬೀದಿ ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತು, ಕತ್ತಲಾದ ಮೇಲೆ ಯಾವ ಸಂದಿಯಲ್ಲಿ ಹೆಣ್ಣುಮಕ್ಕಳು ಓಡಾಡುವ ಹಾಗಿಲ್ಲ, ಪಡಿತರ ಅಂಗಡಿಯ ಯಂತ್ರ ಯಾವ ಮುದುಕಿಯ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲ. ಊರಿನ ನಿಜವಾದ ವಿಷಯವೆಲ್ಲ ಹೊಸಿಲ ಮೇಲೆ, ನಿಂತುಕೊಂಡೇ, ಎರಡು ನಿಮಿಷದಲ್ಲಿ ಹೊರಬರುತ್ತಿತ್ತು. ಅಷ್ಟರಲ್ಲಿ ನಡಾವಳಿ ಪುಸ್ತಕ ಮುಚ್ಚಿಯಾಗಿರುತ್ತಿತ್ತು. ಮುಚ್ಚಿದ ಪುಸ್ತಕದಲ್ಲಿ "ಮಹಿಳೆಯರು ಸಭೆಯಲ್ಲಿ ಸಕ್ರಿಯವಾಗಿ ಭಾಗವಹಿಸಿದರು" ಎಂದು ಇರುತ್ತಿತ್ತು.

ಇದನ್ನೇ ಹೇಳಬೇಕೆಂದಿದ್ದೆ. "ಗ್ರಾಮಸಭೆಯಲ್ಲಿ ಹೆಂಗಸರು ಕೂರುವ ಜಾಗ" ಎಂದು ಶೀರ್ಷಿಕೆ ಕಳಿಸಿದೆ. ವಿಶ್ವವಿದ್ಯಾನಿಲಯದವರಿಗೆ ಅದು ಬ್ಯಾನರಿಗೆ ತಕ್ಕ ಘನತೆಯದಾಗಿ ಕಾಣಲಿಲ್ಲ. "ತಳಮಟ್ಟದ ಪ್ರಜಾಪ್ರಭುತ್ವದಲ್ಲಿ ಮಹಿಳಾ ಸಬಲೀಕರಣ: ಸವಾಲುಗಳು ಮತ್ತು ಸಾಧ್ಯತೆಗಳು" ಎಂದು ತಿದ್ದಿ ಕಳಿಸಿದರು. ಇರಲಿ, ಬ್ಯಾನರ್ ಅವರದು, ಬಾಯಿ ನನ್ನದು ಎಂದುಕೊಂಡೆ. ಇಪ್ಪತ್ತಮೂರು ಪುಟ ಕೈಯಲ್ಲಿ ಬರೆದೆ. ಯಳಂದೂರಿನ ಮನೆಯಲ್ಲಿ ಅಡುಗೆ ಮಾಡುತ್ತಾ ಗಟ್ಟಿಯಾಗಿ ಹೇಳಿಕೊಂಡೆ. ಮನೆಯವರು ಎರಡನೆಯ ದಿನಕ್ಕೇ ಟೀವಿಯ ಧ್ವನಿ ಏರಿಸಿದರು. ನನಗೆ ಬೇಕಾಗಿದ್ದುದು ಇಷ್ಟೇ. ಹದಿನೈದು ವರ್ಷ ಬೇರೆಯವರ ಮಾತಿಗೆ ಬಾಗಿಲು ತೆಗೆದು ಬಾಗಿಲು ಹಾಕಿದ್ದೆ. ಒಂದೇ ಒಂದು ಸಲ, ನನ್ನ ಮಾತನ್ನು ನಾನು ಪೂರ್ತಿ ಆಡಬೇಕಿತ್ತು.

ಅಕ್ಕನಿಗೆ ಸುದ್ದಿ ಹೇಳಿದಾಗ ಅವರು ಸೌಟು ಕೆಳಗಿಟ್ಟು, "ಅವತ್ತು ನಾ ಟೀ ಕಾಯ್ಸಕ್ಕಿಲ್ಲ ಮೇಡಂ. ಬೆಳಿಗ್ಗೇನೇ ಕಾಯ್ಸಿ ಪ್ಲಾಸ್ಕಿಗೆ ತುಂಬಿಟ್ಬುಡ್ತೀನಿ. ಒಳೀಕ್ ಬಂದು ಕೂತ್ಕಂಡು ಕೇಳ್ತೀನಿ" ಎಂದರು. ನನ್ನ ಕೈ ಹಿಡಿದು ಒಮ್ಮೆ ಅದುಮಿದರು.

ಆ ದಿನ ಬಂತು. ಹತ್ತೂವರೆಗೆ ಶುರುವಾಗಬೇಕು. ಉದ್ಘಾಟನೆಗೆ ವಿಶ್ವವಿದ್ಯಾನಿಲಯದ ಡೀನ್ ಬರುವವರು. ಹತ್ತೂವರೆಗೆ ಫೋನ್ ಮಾಡಿದರೆ "ಬಂದ್ವಿ, ಬಂದ್ವಿ" ಎಂದರು. ಹನ್ನೊಂದಕ್ಕೂ ಬಂದ್ವಿ ಎಂದರು. ಕಾರಿನಿಂದ ಇಳಿದಾಗ ಹನ್ನೊಂದೂ ಮುಕ್ಕಾಲು. ಮಕ್ಕಳು ಅಷ್ಟರಲ್ಲಿ ಮೊಬೈಲಿನ ಬ್ಯಾಟರಿ ಅರ್ಧ ಖಾಲಿ ಮಾಡಿದ್ದರು. ಅಕ್ಕ ಒಗೆದು ಮಡಿಸಿಟ್ಟಿದ್ದ ನೇರಳೆ ಬಣ್ಣದ ಸೀರೆ ಉಟ್ಟು ಮೂರನೆಯ ಸಾಲಿನ ತುದಿಯಲ್ಲಿ ಕೂತಿದ್ದರು. ನಾನು ವೇದಿಕೆಯ ಮೇಲೆ, ಹದಿನೈದು ವರ್ಷದಲ್ಲಿ ಮೊದಲ ಸಲ, ನನ್ನ ಹೆಸರಿನ ಫಲಕದ ಹಿಂದೆ ಕೂತಿದ್ದೆ. ಕುರ್ಚಿಗೆ ಬಿಳಿ ಟವೆಲ್ ಬೇರೆ ಹೊದಿಸಿದ್ದರು.

ಪ್ರಾರ್ಥನೆ ಮುಗಿಯಿತು. ವಾಣಿಜ್ಯ ವಿಭಾಗದ ಹೊಸ ಅಧ್ಯಾಪಕರು ಮೈಕಿನ ಮುಂದೆ ಬಂದರು. ನಾನೇ ಬರೆದುಕೊಟ್ಟ ನಿರೂಪಣೆಯನ್ನು ಅವರು ಆಧುನಿಕರಾಗಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದರು. "ವೇದಿಕೆಯ ಮೇಲೆ ಆಸೀನರಾಗಿರುವ" ಎನ್ನುವಷ್ಟರಲ್ಲಿ ಆ ಮೊಬೈಲು ಕೈಕೊಟ್ಟಿತು. ಅವರು ಅದನ್ನು ಒತ್ತಿದರು, ಅಲ್ಲಾಡಿಸಿದರು, ಒರೆಸಿದರು. ಆಮೇಲೆ ಮುಖ ಮೇಲೆತ್ತಿ ಆಸೀನರಾಗಿರುವವರನ್ನು ಸುಮ್ಮನೆ ನೋಡುತ್ತಾ ನಿಂತರು. ಸಭೆ ನಿಶ್ಶಬ್ದವಾಯಿತು.

ಸಭೆಯಲ್ಲಿ ಅಂಥ ನಿಶ್ಶಬ್ದ ನನಗೆ ಆಗಿಬರುವುದಿಲ್ಲ. ನಾನು ಎದ್ದೆ. ಯೋಚನೆ ಮಾಡಿ ಎದ್ದದ್ದಲ್ಲ, ಕಾಲುಗಳೇ ಎದ್ದವು. ಮೈಕು ಕೈಗೆ ಬಂತು, "ಆಸೀನರಾಗಿರುವ ಸಕಲ ಗಣ್ಯರಿಗೂ" ಎಂದು ವಾಕ್ಯ ಮುಗಿಸಿದೆ. ಹೊಸ ಅಧ್ಯಾಪಕರು ನನಗೆ ಕೈಮುಗಿದು ಸಭೆಯ ಹಿಂದಿನ ಸಾಲಿಗೆ ಹೋಗಿ ಕೂತವರು ಮತ್ತೆ ಈ ಕಡೆ ಬರಲಿಲ್ಲ. ಪ್ರಾಂಶುಪಾಲರ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ನಾನು ಕಂಡೆ.

ಅಲ್ಲಿಂದ ಎರಡೂ ಕೆಲಸ ನನ್ನದಾಯಿತು. ಗಿಡಕ್ಕೆ ನೀರೆರೆಯಿರಿ ಎಂದು ಕರೆದವಳೂ ನಾನೇ, ಓಡಿಹೋಗಿ ಐದನೆಯವಳಾಗಿ ನೀರೆರೆದವಳೂ ನಾನೇ. ಸಂಪನ್ಮೂಲ ವ್ಯಕ್ತಿಯ ಪರಿಚಯ ನಾನೇ ಓದಿದೆ. "ಸರಳ ಸಜ್ಜನಿಕೆಯ, ಅಪಾರ ವಿದ್ವತ್ತಿನ" ಎಂಬುದನ್ನು ತಲೆ ಎತ್ತದೆ ಬೇಗ ಬೇಗ ಓದಿ ಮುಂದೆ ಹೋದೆ. "ಈಗ ಇವರಿಗೆ ಸನ್ಮಾನ" ಎಂದು ಘೋಷಿಸಿ, ಮೈಕು ಕೆಳಗಿಟ್ಟು, ಕುರ್ಚಿಗೆ ಹೋಗಿ ಕೂತು ಶಾಲು ಹೊದಿಸಿಕೊಂಡು, ಶಾಲಿನ ಸಮೇತ ಮೈಕಿಗೆ ಮರಳಿ "ಜೋರಾದ ಚಪ್ಪಾಳೆ ಬರಲಿ" ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಡೀನ್ ಉದಾರ ಶಿಕ್ಷಣದ ಬಗ್ಗೆ ಬಹಳ ಉದಾರವಾಗಿ ಮುಕ್ಕಾಲು ಗಂಟೆ ಮಾತಾಡಿದರು. ಅವರಿಗೆ ಚೀಟಿ ಕೊಡುವಂತಿಲ್ಲ, ಡೀನ್ ಅಲ್ಲವೇ.

ನಾನು ನನ್ನ ಇಪ್ಪತ್ತಮೂರು ಪುಟ ಬಿಚ್ಚಿಕೊಂಡಾಗ ಒಂದು ಗಂಟೆ ಹತ್ತು ನಿಮಿಷ.

"ಒಂದು ಊರಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿದರೆ ಅಲ್ಲಿನ ರಾಜ್ಯಶಾಸ್ತ್ರ ಅರ್ಧ ತಿಳಿಯುತ್ತದೆ" ಎಂದು ಶುರು ಮಾಡಿದೆ. ಧ್ವನಿ ಚೆನ್ನಾಗಿ ಬಂತು. ಮೂರನೆಯ ಸಾಲಿನಲ್ಲಿ ಅಕ್ಕ ಮುಂದಕ್ಕೆ ಬಾಗಿದರು. ಅವರ ಹಿಂದಿನ ಹುಡುಗಿಯೊಬ್ಬಳು ಮೊಬೈಲು ಕೆಳಗಿಟ್ಟಳು. ಒಂದು ಪುಟ ಆಯಿತು. ಎರಡನೆಯ ಪುಟದ ನಡುವೆ ಬೆಟ್ಟದ ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡರು. ನನ್ನ ಕಣ್ಣು ಅಭ್ಯಾಸದಂತೆ ಪ್ರಾಂಶುಪಾಲರ ಕಡೆ ಹೋಯಿತು. ಅವರು ಕೈಗಡಿಯಾರವನ್ನು ಎರಡು ಸಲ ಬೆರಳಿನಿಂದ ತಟ್ಟಿದರು.

ಅವರ ತಪ್ಪಿಲ್ಲ. ಅವರು ತಟ್ಟಿದ್ದು ಉಪನ್ಯಾಸಕಿಗಲ್ಲ, ನಿರೂಪಕಿಗೆ. ಆ ನಿರೂಪಕಿ ಎಷ್ಟು ನಿಷ್ಠಾವಂತಳೆಂದರೆ ಅದೇ ಉಸಿರಿನಲ್ಲಿ ಅವಳ ಬಾಯಿಂದ ಹೀಗೆ ಬಂತು: "ಸಮಯದ ಅಭಾವದಿಂದ ಉಪನ್ಯಾಸವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗುತ್ತಿದೆ. ಅತ್ಯಂತ ಮೌಲಿಕ ವಿಚಾರಗಳನ್ನು ನಮ್ಮೊಂದಿಗೆ ಹಂಚಿಕೊಂಡ ಸಂಪನ್ಮೂಲ ವ್ಯಕ್ತಿಗಳಿಗೆ ಹೃತ್ಪೂರ್ವಕ ಧನ್ಯವಾದಗಳು."

ಮಕ್ಕಳು ಮನಸ್ಸಿನಿಂದ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಏನು ಮಾಡಿದೆ ಎಂದು ನನಗೆ ತಿಳಿದದ್ದು ಎರಡೂ ಅಂಗೈ ತಾಗಿ ಹಾಳೆಗಳು ಕೆಳಗೆ ಬಿದ್ದಾಗ. ಬಗ್ಗಿ ಹೆಕ್ಕಿಕೊಳ್ಳುವಷ್ಟರಲ್ಲಿ ವಂದನಾರ್ಪಣೆಯವರು ಮೈಕಿಗೆ ಬಂದಿದ್ದರು, ಅದರ ಬೆನ್ನಿಗೇ ರಾಷ್ಟ್ರಗೀತೆ. ರಾಷ್ಟ್ರಗೀತೆ ಹಾಡಿಯಾದ ಮೇಲೆ "ಇನ್ನೂ ಇಪ್ಪತ್ತೊಂದು ಪುಟ ಇದೆ, ಕೂತ್ಕೊಳ್ಳಿ" ಎಂದವರು ಯಾರೂ ಇಲ್ಲ. ನಾನೂ ಅನ್ನಲಿಲ್ಲ.

ಊಟಕ್ಕೆ ಬಿಸಿಬೇಳೆ ಬಾತು, ಮೊಸರನ್ನ. ಡೀನ್ ಎಲೆಯ ಮುಂದಿನಿಂದಲೇ ಕರೆದು, "ಎಷ್ಟು ಚುಟುಕಾಗಿ ಹೇಳಿದ್ರಿ ಮೇಡಂ! ಇದನ್ನ ಎಲ್ಲ ಉಪನ್ಯಾಸಕರೂ ಕಲೀಬೇಕು" ಎಂದರು. ಅವರು ವ್ಯಂಗ್ಯವಾಡಿದ್ದಲ್ಲ, ನಿಜವಾಗಿಯೂ ಮೆಚ್ಚಿದ್ದರು. ಹಿಂದಿನ ದಿನವೇ ಬರೆದಿಟ್ಟಿದ್ದ ವರದಿ ಅಷ್ಟರಲ್ಲಿ ಜಾಲತಾಣಕ್ಕೆ ಏರಿಯೂ ಆಗಿತ್ತು. ಮಾರನೆಯ ದಿನದ ಪತ್ರಿಕೆಯಲ್ಲಿ ನಾನು ವಿಷಯವನ್ನು ಮನಮುಟ್ಟುವಂತೆ ವಿವರಿಸಿದ್ದೆ, ವಿದ್ಯಾರ್ಥಿಗಳು ಸಂಶಯ ಪರಿಹರಿಸಿಕೊಂಡಿದ್ದರು. ಪ್ರಾಂಶುಪಾಲರು ಆ ತುಣುಕನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿ ಕೈಕುಲುಕಿದರು. ಸ್ಟಾಫ್ ರೂಮಿನಲ್ಲಿ ನಾನೇ ಈ ಕತೆಯನ್ನು ರಸವತ್ತಾಗಿ ಹೇಳಿ ಎಲ್ಲರನ್ನೂ ನಗಿಸಿದೆ. ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಡುವುದು ವಾಸಿ ಎನಿಸಿತ್ತು.

ಅಕ್ಕ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಟೀ ತಂದು ಮೇಜಿನ ಮೇಲಿಟ್ಟು ಹೋಗಿಬಿಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಲೋಟ ತೆಗೆದುಕೊಂಡು ಹೋಗಲು ಬಂದವರು ಹೋಗದೆ ನಿಂತರು.

"ಬೇಜಾರಾ ಅಕ್ಕ?" ಎಂದೆ.

"ಬೇಜಾರೇನಿಲ್ಲ ಕಣ್ರಿ. ಒಂದು ಗೊತ್ತಾಗ್ನಿಲ್ಲ, ಅದ್ಕೆ" ಎಂದು ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. "ನಾನು ಮೆಂಬ್ರಾಗಿದ್ದಾಗ ಮೀಟಿಂಗಲಿ ನನ್ ಕುರ್ಚಿ ಮ್ಯಾಲೆ ನಮ್ ಯಜಮಾನ್ರು ಕೂತ್ಕತ್ತಿದ್ರು. ನಾನು ಬಾಗ್ಲತವ ನಿಂತಿರ್ತಿದ್ದಿ. ಕರ್ದಾಗ ಓಗಿ ಸೈನ್ ಆಕ್ಬುಟ್ಟು ಬತ್ತಿದ್ದಿ. ನಿಮ್ ಕುರ್ಚೀಲಿ ಯಾರೂ ಕೂತಿರ್ನಿಲ್ವಲ್ಲ ಮೇಡಂ. ಟವಲ್ಲೂ ನಿಮ್ದೇ, ಎಸ್ರೂ ನಿಮ್ದೇ. ಯಾರೂ ಏಳಿ ಅನ್ನಿಲ್ಲ. ನೀವ್ಯಾಕೆ ಎದ್ರಿ?"

ಹದಿನೈದು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ. ನಗಿಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಕಣ್ಣು ತುಂಬಿತು, ನಾಚಿಕೆಯಾಯಿತು.

"ಅಭ್ಯಾಸ ಆಗೋಗಿದೆ ಕಣಕ್ಕ" ಎಂದೆ.

ಅಕ್ಕ ನನ್ನ ಲೋಟ ಎತ್ತಿಕೊಂಡರು. "ನಾನೂ ಐದು ವರ್ಸ ಅದ್ನೇ ಅಂದ್ಕತ್ತಿದ್ದಿ" ಎಂದರು.